ಸೈಲೆನ್ಸರಿನೊಳಗಿನ ನೀರು

ಒಂದು ಲೀಟರ್ ಪೆಟ್ರೋಲ್ ಉರಿದು ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟಿರುತ್ತದೆ. ಹೀಗೆಂದರೆ ಗ್ಯಾರೇಜಿನಲ್ಲೇ ತಲೆ ನರೆಸಿಕೊಂಡವರೂ ಒಮ್ಮೆ ಅನುಮಾನದಿಂದ ಮುಖ ನೋಡುತ್ತಾರೆ. ಪೆಟ್ರೋಲಿಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಟ್ಯಾಂಕಿಗೆ ಸ್ವಲ್ಪ ನೀರು ಸೇರಿದರೂ ಗಾಡಿ ಕೆಮ್ಮುತ್ತಾ ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ಅಂಥ ಪೆಟ್ರೋಲೇ ನೀರಾಗುತ್ತದೆ ಎಂದರೆ ನಂಬುವುದು ಹೇಗೆ?

ಲೆಕ್ಕ ಹಾಕಿದರೆ ನಂಬದೆ ವಿಧಿಯಿಲ್ಲ. ಪೆಟ್ರೋಲಿನ ಅಣುಗಳೆಲ್ಲ ಮುಖ್ಯವಾಗಿ ಇಂಗಾಲ ಮತ್ತು ಜಲಜನಕಗಳಿಂದ ಆದವು. ಮಾದರಿಗೆ ಆಕ್ಟೇನ್ ತೆಗೆದುಕೊಳ್ಳಿ: ಎಂಟು ಇಂಗಾಲ, ಹದಿನೆಂಟು ಜಲಜನಕ. ಚೆನ್ನಾಗಿ ಉರಿದರೆ ಇಂಗಾಲವೆಲ್ಲ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಜಲಜನಕವೆಲ್ಲ ನೀರಾಗುತ್ತದೆ. 114 ಗ್ರಾಂ ಆಕ್ಟೇನಿನಿಂದ 162 ಗ್ರಾಂ ನೀರು. ಬಂಕಿನಲ್ಲಿ ಸಿಗುವ ಪೆಟ್ರೋಲ್ ಬರೀ ಆಕ್ಟೇನ್ ಅಲ್ಲ, ನೂರಾರು ಬಗೆಯ ಅಣುಗಳ ಮಿಶ್ರಣ. ಅದರಲ್ಲಿ ಜಲಜನಕದ ಪಾಲು ತುಸು ಕಡಿಮೆ. ಆದ್ದರಿಂದ ಒಂದು ಕೆ.ಜಿ. ಪೆಟ್ರೋಲಿಗೆ ಸುಮಾರು 1.2 ಕೆ.ಜಿ. ನೀರು ಎಂದಿಟ್ಟುಕೊಳ್ಳಬಹುದು. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆ.ಜಿ.ಯಷ್ಟು ತೂಗುತ್ತದೆ, ಹಾಗಾಗಿ ಲೀಟರಿಗೆ 900 ಮಿಲಿಲೀಟರ್ ನೀರು.

ಸುಟ್ಟ ವಸ್ತುವಿಗಿಂತ ಹುಟ್ಟಿದ ನೀರೇ ಹೆಚ್ಚು ತೂಗುವುದು ವಿಚಿತ್ರವಾಗಿ ಕಾಣಬಹುದು. ನೀರಿನ ತೂಕದ ಒಂಬತ್ತು ಪಾಲಿನಲ್ಲಿ ಎಂಟು ಪಾಲು ಆಮ್ಲಜನಕದ್ದು, ಅದು ಬಂದದ್ದು ಟ್ಯಾಂಕಿನಿಂದಲ್ಲ, ಗಾಳಿಯಿಂದ. ಪೆಟ್ರೋಲ್ ಕೊಡುವುದು ಉಳಿದ ಒಂದು ಪಾಲು ಜಲಜನಕವನ್ನು ಮಾತ್ರ. ಆ ಜಲಜನಕದ ಪೂರ್ವವೃತ್ತಾಂತ ಸ್ವಾರಸ್ಯವಾದದ್ದು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿ ತೇಲುತ್ತಿದ್ದ ಸೂಕ್ಷ್ಮ ಪಾಚಿಗಳು ಬಿಸಿಲಿನ ಬಲದಿಂದ ನೀರನ್ನು ಒಡೆದು, ಆಮ್ಲಜನಕವನ್ನು ಹೊರಗೆ ಬಿಟ್ಟು, ಜಲಜನಕವನ್ನು ತಮ್ಮ ಮೈಯ ಸಕ್ಕರೆ ಕೊಬ್ಬುಗಳಲ್ಲಿ ಸೇರಿಸಿಕೊಂಡವು. ಸತ್ತು ಕೆಸರಿನಡಿ ಹೂತು, ಬೆಂದು ಎಣ್ಣೆಯಾದವು. ನೀರಿನಿಂದ ಬೇರ್ಪಟ್ಟ ಆ ಜಲಜನಕ ಮತ್ತೆ ನೀರಾಗುವುದು ಕಾರಿನ ಸಿಲಿಂಡರಿನೊಳಗೆ.

ಇದನ್ನು ಕಣ್ಣಾರೆ ನೋಡಲು ಕಾರು ಬೇಕಿಲ್ಲ, ಗ್ಯಾಸ್ ಒಲೆ ಸಾಕು. ತಣ್ಣೀರು ತುಂಬಿದ ಒಣ ಪಾತ್ರೆಯನ್ನು ಉರಿಯ ಮೇಲಿಟ್ಟು ತಕ್ಷಣ ಬಗ್ಗಿ ನೋಡಿ. ಪಾತ್ರೆಯ ಹೊರಮೈ ಕೆಲವು ಕ್ಷಣ ಬೆವರುತ್ತದೆ, ಆಮೇಲೆ ಒಣಗುತ್ತದೆ. ಪಾತ್ರೆಯ ತಳ ಸೋರುತ್ತಿದೆ ಎಂದು ಅನುಮಾನ ಪಡುವವರುಂಟು. ಸೋರಿಕೆಯಲ್ಲ, ಅದು ಉರಿಯಲ್ಲಿ ಹುಟ್ಟಿದ ನೀರು, ತಣ್ಣನೆಯ ಲೋಹಕ್ಕೆ ತಾಗಿ ಹನಿಯಾದದ್ದು. ಅಡುಗೆ ಅನಿಲದಲ್ಲಿ ಜಲಜನಕದ ಪಾಲು ಪೆಟ್ರೋಲಿಗಿಂತಲೂ ಹೆಚ್ಚು. 14.2 ಕೆ.ಜಿ.ಯ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಅಡುಗೆಮನೆಯ ಗಾಳಿಗೆ ಸುಮಾರು 22 ಲೀಟರ್ ನೀರು ಆವಿಯಾಗಿ ಸೇರಿರುತ್ತದೆ. ಮೈಕೆಲ್ ಫ್ಯಾರಡೆ 1860ರ ಕ್ರಿಸ್ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗೆ ಮೇಣದಬತ್ತಿಯ ಬಗ್ಗೆ ಉಪನ್ಯಾಸ ಕೊಟ್ಟಾಗ ತೋರಿಸಿದ್ದೂ ಇದನ್ನೇ. ಮಂಜುಗಡ್ಡೆ ಮತ್ತು ಉಪ್ಪು ತುಂಬಿದ ಪಾತ್ರೆಯನ್ನು ಜ್ವಾಲೆಯ ಮೇಲೆ ಹಿಡಿದು, ಅದರ ತಳದಲ್ಲಿ ತೊಟ್ಟಿಕ್ಕಿದ ಹನಿಗೆ ಪೊಟ್ಯಾಸಿಯಂ ಚೂರು ತಾಗಿಸಿದರು, ಭಗ್ಗನೆ ಹತ್ತಿಕೊಂಡಿತು. ಹನಿ ನೀರೇ ಎನ್ನುವುದಕ್ಕೆ ಅದಕ್ಕಿಂತ ಚುರುಕಾದ ಸಾಕ್ಷಿ ಬೇಕೆ? ಅದಕ್ಕೂ ಎಂಟು ದಶಕ ಮೊದಲು ಹೆನ್ರಿ ಕ್ಯಾವೆಂಡಿಷ್ ಜಲಜನಕವನ್ನು ಸುಟ್ಟು ನೀರು ಪಡೆದಿದ್ದ, 1784ರಲ್ಲಿ ಅದನ್ನು ಪ್ರಕಟಿಸಿದ್ದ. ನೀರು ಮೂಲವಸ್ತುವಲ್ಲ ಎಂದು ಜಗತ್ತು ಒಪ್ಪಿದ್ದು ಅಲ್ಲಿಂದೀಚೆಗೆ. ಈ ಶೋಧದ ಕೀರ್ತಿಗಾಗಿ ನಡೆದ ಜಗಳದಲ್ಲಿ ಉಗಿ ಎಂಜಿನ್ನಿನ ಜೇಮ್ಸ್ ವಾಟ್ ಕೂಡ ಒಬ್ಬ ಪಾಲುದಾರ.

ಇಷ್ಟು ತಿಳಿದ ಮೇಲೆ ಹಳೆಯ ಕಾರಿನ ಹಿಂದೆ ಹೋಗಿ ನಿಲ್ಲೋಣ.

ಅಂಬಾಸಿಡರ್ ಕಾರನ್ನೇ ಆರಿಸಿಕೊಳ್ಳುತ್ತೇನೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ 2014ರವರೆಗೂ ತಯಾರಿಸುತ್ತಿದ್ದ ಈ ಕಾರಿನ ಮೈಕಟ್ಟು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನದು. ಬಹುಕಾಲ ಅದರಲ್ಲಿದ್ದ 1489 ಸಿಸಿ ಎಂಜಿನ್ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಬಿ ಸರಣಿಯದು. ಇದೇ ಎಂಜಿನ್ 1955ರಲ್ಲಿ ಬಂದ ಎಂಜಿಎ ಎಂಬ ಚೆಂದದ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ತಹಸೀಲ್ದಾರರನ್ನು ಕೂರಿಸಿಕೊಂಡು ಮಳೆಹಾನಿ ನೋಡಲು ಹೋಗುತ್ತಿದ್ದ ನಮ್ಮ ಬಿಳಿ ಅಂಬಾಸಿಡರ್, ಇಂಗ್ಲೆಂಡಿನ ಶೋಕಿಲಾಲರ ಕಾರಿನ ಒಡಹುಟ್ಟು ಎಂದರೆ ಅದನ್ನು ಬೈದವರಿಗೆಲ್ಲ ಸ್ವಲ್ಪ ಪಶ್ಚಾತ್ತಾಪ ಆಗಬೇಕು.

ಡಿಸೆಂಬರ್ ತಿಂಗಳ ಮಡಿಕೇರಿ, ಬೆಳಗಿನ ಆರೂವರೆ. ಹೊರಗೆ ಹತ್ತು ಹನ್ನೆರಡು ಡಿಗ್ರಿ ಚಳಿ. ಇಡೀ ರಾತ್ರಿ ತಣ್ಣಗೆ ನಿಂತ ಎಂಜಿನ್ನಿಗೆ ಚೋಕ್ ಎಳೆದೇ ಸ್ಟಾರ್ಟ್ ಮಾಡಬೇಕು. ತಣ್ಣನೆಯ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಕಾರ್ಬುರೇಟರಿನಿಂದ ಹೊರಟದ್ದರಲ್ಲಿ ಸಾಕಷ್ಟು ಪಾಲು ಕೊಳವೆಯ ಗೋಡೆಗೆ ಹನಿಯಾಗಿ ಅಂಟಿಕೊಳ್ಳುತ್ತದೆ. ಉರಿಯಲು ಬೇಕಾದಷ್ಟು ಆವಿ ಸಿಲಿಂಡರ್ ಮುಟ್ಟಬೇಕಾದರೆ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯಬೇಕು. ಚೋಕ್ ಮಾಡುವುದು ಅದನ್ನೇ, ಗಾಳಿಯ ದಾರಿಯನ್ನು ಕಿರಿದು ಮಾಡಿ ಪೆಟ್ರೋಲಿನ ಪಾಲು ಹೆಚ್ಚಿಸುವುದು.

ಎಂಜಿನ್ ಹತ್ತಿಕೊಂಡಿತು. ಈಗ ಸೈಲೆನ್ಸರ್ ಪೈಪಿನ ತುದಿಯನ್ನು ನೋಡಿ. ಮೊದಲ ಅರ್ಧ ನಿಮಿಷ ಬಿಳಿ ಹೊಗೆ ನಿರೀಕ್ಷಿಸಿದಷ್ಟು ಇರುವುದಿಲ್ಲ. ಬದಲಿಗೆ ಪೈಪು ಉಗುಳುತ್ತದೆ. ಕಪ್ಪು ಮಸಿ ಬೆರೆತ ನೀರಿನ ಹನಿಗಳು ನೆಲಕ್ಕೆ ಸಿಡಿದು ಚುಕ್ಕಿ ಹಾಕುತ್ತವೆ. ಎಂಜಿನ್ನಿನಿಂದ ಹೊರಬಿದ್ದ ಅನಿಲದಲ್ಲಿ ನೂರಕ್ಕೆ ಹನ್ನೆರಡು ಹದಿಮೂರು ಪಾಲು ನೀರಾವಿ ಇರುತ್ತದೆ, ಉಳಿದದ್ದರಲ್ಲಿ ಬಹುಪಾಲು ಗಾಳಿಯಿಂದ ಬಂದ ಸಾರಜನಕ. ಇಷ್ಟೊಂದು ಆವಿ ಇರುವ ಅನಿಲದ ಇಬ್ಬನಿ ಬಿಂದು ಐವತ್ತು ಡಿಗ್ರಿಯ ಆಸುಪಾಸು. ಅಂದರೆ ಐವತ್ತು ಡಿಗ್ರಿಗಿಂತ ತಣ್ಣಗಿರುವ ಯಾವ ಮೈಗೆ ತಾಗಿದರೂ ಅದು ಅಲ್ಲೇ ಬೆವರಾಗಿ ಇಳಿಯುತ್ತದೆ. ಕಾರಿನ ಹೊಟ್ಟೆಯಡಿ ಮುಂದಿನಿಂದ ಹಿಂದಿನವರೆಗೆ ಚಾಚಿದ ಉಕ್ಕಿನ ಕೊಳವೆಯೆಲ್ಲ ಈ ಹೊತ್ತಿಗೆ ಹತ್ತು ಡಿಗ್ರಿಯಲ್ಲಿದೆ. ಆದ್ದರಿಂದ ನೀರಿನಲ್ಲಿ ದೊಡ್ಡ ಪಾಲು ಹೊರಗೆ ಬರುವುದೇ ಇಲ್ಲ, ಒಳಗೇ ಸೋಸಿಹೋಗುತ್ತದೆ.

ಹೀಗೆ ಹನಿಯಾಗುವಾಗ ನೀರು ತನ್ನ ಗುಪ್ತೋಷ್ಣವನ್ನು ಲೋಹಕ್ಕೆ ಬಿಟ್ಟುಕೊಡುತ್ತದೆ, ಪೈಪು ಬೇಗ ಬಿಸಿಯೇರುತ್ತದೆ. ಐವತ್ತರ ಹತ್ತಿರ ಬಂದಾಗ ಏರಿಕೆ ತಡವರಿಸುತ್ತದೆ. ಇಲ್ಲಿಂದ ಮುಂದೆ ಹೋಗಬೇಕಾದರೆ ಈಗಾಗಲೇ ಒಳಗೆ ನಿಂತಿರುವ ನೀರನ್ನು ಮತ್ತೆ ಆವಿ ಮಾಡಬೇಕು, ಬಂದ ಶಾಖವೆಲ್ಲ ಅದಕ್ಕೇ ಖರ್ಚಾಗುತ್ತದೆ. ಕೊಳವೆಯ ಮುಂಭಾಗ ಮೊದಲು ಒಣಗುತ್ತದೆ. ಅಲ್ಲಿಂದ ಎದ್ದ ಆವಿ ಹಿಂದಿನ ತಣ್ಣನೆಯ ಭಾಗದಲ್ಲಿ ಮತ್ತೆ ಹನಿಯಾಗುತ್ತದೆ. ಒದ್ದೆಯ ಗಡಿ ಹೀಗೆ ಹೆಜ್ಜೆಹೆಜ್ಜೆಯಾಗಿ ಹಿಂದಕ್ಕೆ ಸರಿಯುತ್ತದೆ. ಕಟ್ಟಕಡೆಗೆ ಒಣಗುವುದು ಹಿಂಬದಿಯ ಸೈಲೆನ್ಸರ್ ಡಬ್ಬಿ. ಅದರ ಸರದಿ ಬಂದಾಗ ಹೊಸದಾಗಿ ಹುಟ್ಟುತ್ತಿರುವ ನೀರಿನ ಜೊತೆ ಕೂಡಿಟ್ಟ ನೀರೂ ಹೊರಬೀಳುತ್ತದೆ. ಬಿಳಿ ಮೋಡ ಅತ್ಯಂತ ದಟ್ಟವಾಗುವುದು ಆಗ. ಕಾರಿಗೆ ಏನೋ ಆಗಿದೆ ಎಂದು ಹೊಸ ಮಾಲೀಕ ಗಾಬರಿಯಿಂದ ಫೋನ್ ತೆಗೆಯುವುದೂ ಆಗಲೇ.

ಇನ್ನೂ ಕೆಲವು ನಿಮಿಷ ಕಳೆದ ಮೇಲೆ ಹತ್ತಿರದಿಂದ ನೋಡಿದರೆ ಒಂದು ಸೂಕ್ಷ್ಮ ಕಾಣಿಸುತ್ತದೆ. ಬಿಳಿ ಮೋಡ ಪೈಪಿನ ಬಾಯಿಗೆ ಅಂಟಿಕೊಂಡಿಲ್ಲ. ಬಾಯಿಗೂ ಮೋಡಕ್ಕೂ ನಡುವೆ ಗೇಣುದ್ದದ ಖಾಲಿ ಜಾಗವಿದೆ. ಅಲ್ಲಿ ಏನೂ ಇಲ್ಲವೆಂದಲ್ಲ; ನೀರಿನ ಆವಿ ಅಲ್ಲಿ ಪೂರ್ತಿಯಾಗಿ ಅನಿಲರೂಪದಲ್ಲಿದೆ, ಗಾಳಿಯಷ್ಟೇ ಪಾರದರ್ಶಕ. ನಮಗೆ ಬೆಳ್ಳಗೆ ಕಾಣುವುದು ಆವಿಯಲ್ಲ, ಹೊರಗಿನ ಚಳಿಗೆ ಬೆರೆತು ಆವಿ ಹನಿಗಟ್ಟಿದ ಮೇಲಿನ ಕಣಗಳು. ಪೈಪು ಬಿಸಿಯಾದಷ್ಟೂ ಆ ಖಾಲಿ ಜಾಗ ಉದ್ದವಾಗುತ್ತದೆ, ಮೋಡ ತೆಳುವಾಗುತ್ತದೆ. ಕಡೆಗೆ ಮೋಡವೇ ಇರುವುದಿಲ್ಲ. ನೀರು ಮಾತ್ರ ಮೊದಲಿನಷ್ಟೇ ಹೊರಬೀಳುತ್ತಿರುತ್ತದೆ.

ಮೋಡ ಯಾಕೆ ಕಟ್ಟುತ್ತದೆ ಎಂಬುದಕ್ಕೆ ‘ತಣ್ಣಗಾಗುತ್ತದೆ, ಅದಕ್ಕೆ’ ಎಂದರೆ ಅರ್ಧ ಉತ್ತರ. ಬಿಸಿ ಅನಿಲ ಹೊರಗಿನ ಗಾಳಿಯಲ್ಲಿ ಬೆರೆಯುವಾಗ ತಣ್ಣಗಾಗುವುದೂ ನಿಜ, ಅದರಲ್ಲಿನ ಆವಿ ತೆಳುವಾಗುವುದೂ ನಿಜ. ಎರಡರಲ್ಲಿ ಯಾವುದು ಗೆಲ್ಲುತ್ತದೆ ಎನ್ನುವುದೇ ಪ್ರಶ್ನೆ. ಹತ್ತು ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಆವಿಯಾಗಿ ಉಳಿಯಬಲ್ಲ ನೀರು ಹೆಚ್ಚೆಂದರೆ 9.4 ಗ್ರಾಂ. ಐವತ್ತು ಡಿಗ್ರಿಯಲ್ಲಿ ಸುಮಾರು 83 ಗ್ರಾಂ. ಇವೆರಡನ್ನೂ ಸಮಸಮ ಬೆರೆಸಿದರೆ ಉಷ್ಣತೆ ಮೂವತ್ತರ ಹತ್ತಿರ ಬರುತ್ತದೆ, ನೀರು ಸರಾಸರಿಗೆ 46 ಗ್ರಾಂ. ಮೂವತ್ತು ಡಿಗ್ರಿಗೆ ಮಿತಿ ಇರುವುದು 30 ಗ್ರಾಂ ಮಾತ್ರ! ಮಿತಿ ಮೀರಿದ ಈ 16 ಗ್ರಾಮಿನಲ್ಲಿ ಒಂದಷ್ಟು ಹನಿಯಾಗಲೇಬೇಕು. ಉಷ್ಣತೆಯ ಜೊತೆ ಆವಿಯ ಮಿತಿ ನೇರ ಗೆರೆಯಲ್ಲಿ ಏರದೆ ಕಡಿದಾಗಿ ಮೇಲಕ್ಕೆ ಬಾಗುವುದೇ ಇದರ ಗುಟ್ಟು. ಮಿತಿಯೊಳಗೇ ಇರುವ, ಮೋಡವಿಲ್ಲದ ಎರಡು ಗಾಳಿಗಳು ಬೆರೆತು ಮೋಡ ಹುಟ್ಟಬಹುದು ಎಂಬ ಈ ಅಚ್ಚರಿಯ ಮಾತನ್ನು ಸ್ಕಾಟ್ಲೆಂಡಿನ ಭೂವಿಜ್ಞಾನಿ ಜೇಮ್ಸ್ ಹಟನ್ 1784ರಲ್ಲಿ ಎಡಿನ್‌ಬರೋದ ವಿದ್ವತ್ಸಭೆಯೊಂದರ ಮುಂದೆ ಇಟ್ಟಿದ್ದ. ಮಳೆಯೆಲ್ಲ ಹೀಗೇ ಬರುತ್ತದೆ ಎಂದು ಆತ ವಾದಿಸಿದ್ದು ಸರಿಯಲ್ಲ. ಆದರೆ ಬಾಯಿಯ ಹಬೆಗೆ, ಸೈಲೆನ್ಸರಿನ ಮೋಡಕ್ಕೆ, ಜೆಟ್ ವಿಮಾನ ಆಕಾಶದಲ್ಲಿ ಎಳೆಯುವ ಬಿಳಿ ಗೆರೆಗೆ ಆತನ ವಿವರಣೆ ಇಂದಿಗೂ ಕರಾರುವಾಕ್ಕು. ವಿಮಾನದ ಗೆರೆಯ ಲೆಕ್ಕವನ್ನು 1941ರಲ್ಲಿ ಜರ್ಮನಿಯ ಶ್ಮಿಟ್, 1953ರಲ್ಲಿ ಅಮೆರಿಕದ ಆಪಲ್‌ಮನ್ ಮಾಡಿಕೊಟ್ಟರು. ಯುದ್ಧಕಾಲದ ಪೈಲಟ್‌ಗಳಿಗೆ ಆ ಗೆರೆ ಶತ್ರುವಿಗೆ ದಾರಿ ತೋರಿಸುವ ಬೆರಳಾಗಿತ್ತು, ಲೆಕ್ಕದ ಅವಸರಕ್ಕೆ ಅದೂ ಒಂದು ಕಾರಣ.

ಇದೇ ಅಂಬಾಸಿಡರ್ ಸಂಪಾಜೆ ಘಾಟಿ ಇಳಿದು ಮಂಗಳೂರಿನಲ್ಲಿ ರಾತ್ರಿ ತಂಗಲಿ. ಮಾರನೆಯ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಪೈಪು ಅಷ್ಟೇ ಉಗುಳುತ್ತದೆ, ಒಳಗೆ ಅಷ್ಟೇ ಬೆವರುತ್ತದೆ. ಮೋಡ ಮಾತ್ರ ನಾಪತ್ತೆ, ಇಲ್ಲವೇ ಬಾಯಿಯ ಬಳಿ ಒಂದೆಳೆ ಎದ್ದು ಅಲ್ಲೇ ಕರಗುತ್ತದೆ. ಸೆಕೆಯ ಗಾಳಿ ತನ್ನಲ್ಲೇ ಸಾಕಷ್ಟು ಆವಿ ತುಂಬಿಕೊಂಡಿದ್ದರೂ ಅದರ ಮಿತಿ ಎತ್ತರದಲ್ಲಿದೆ, ಬಂದದ್ದನ್ನು ನುಂಗಿಕೊಳ್ಳುತ್ತದೆ. ಅಲಾಸ್ಕದ ಫೇರ್‌ಬ್ಯಾಂಕ್ಸ್ ಊರಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ ಮೂವತ್ತು, ನಲವತ್ತು ಡಿಗ್ರಿ ಕೆಳಗಿಳಿದಾಗ ಗಾಳಿಯಲ್ಲಿ ಆವಿಗೆ ಜಾಗವೇ ಇರುವುದಿಲ್ಲ. ಕಾರುಗಳು, ಚಿಮಣಿಗಳು ಬಿಟ್ಟ ನೀರೆಲ್ಲ ಗಳಿಗೆಯಲ್ಲಿ ಸೂಕ್ಷ್ಮ ಹಿಮಕಣಗಳಾಗಿ ರಸ್ತೆಯ ಮೇಲೇ ತೂಗುತ್ತದೆ. ಊರಿನ ಕಾರುಗಳು ಊರಿಗೇ ಮಂಜು ಮುಸುಕುತ್ತವೆ.

ಹನಿಗಟ್ಟಲು ಆವಿಗೆ ಒಂದು ಆಸರೆಯೂ ಬೇಕು. ಶುದ್ಧ ಗಾಳಿಯಲ್ಲಿ ಮಿತಿ ಮೀರಿದರೂ ಆವಿ ಸುಲಭಕ್ಕೆ ಹನಿಯಾಗುವುದಿಲ್ಲ, ದೂಳಿನ ಕಣವೊಂದು ಸಿಕ್ಕರೆ ಅದರ ಸುತ್ತ ಕಟ್ಟಿಕೊಳ್ಳುತ್ತದೆ. 1880ರ ದಶಕದ ಹೊಸ್ತಿಲಲ್ಲಿ ಜಾನ್ ಏಟ್‌ಕನ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿ ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟ. ಚೋಕ್ ಎಳೆದ ಹಳೆಯ ಎಂಜಿನ್ನಿನಲ್ಲಿ ಮಸಿಯ ಕಣಗಳಿಗೇನೂ ಬರವಿಲ್ಲ.

ಹೊಗೆಯ ಬಣ್ಣ ನೋಡಿ ರೋಗ ಹೇಳುವ ವಿದ್ಯೆ ನಮ್ಮ ಮೆಕ್ಯಾನಿಕ್‌ಗಳಿಗೆ ಕರತಲಾಮಲಕ. ಅದರ ಹಿಂದಿನ ಭೌತವಿಜ್ಞಾನವೂ ಸೊಗಸಾಗಿದೆ. ನೀರಿನ ಹನಿಗಳು ಬೆಳಕಿನ ಅಲೆಗಿಂತ ದೊಡ್ಡವು, ಎಲ್ಲ ಬಣ್ಣವನ್ನೂ ಸಮನಾಗಿ ಚದುರಿಸುತ್ತವೆ; ಹಾಗಾಗಿ ಬಿಳುಪು. ಸವೆದ ರಿಂಗ್ ದಾಟಿ ಬಂದು ಉರಿದ ಎಂಜಿನ್ ಆಯಿಲ್‌ನ ಕಣಗಳು ತುಂಬ ಚಿಕ್ಕವು, ನೀಲಿಯನ್ನೇ ಹೆಚ್ಚು ಚದುರಿಸುತ್ತವೆ. ‘ಆಯಿಲ್ ತಿಂತಾ ಇದೆ’ ಎಂದು ಮೆಕ್ಯಾನಿಕ್ ಹೇಳುವುದು ಆ ನೀಲಿ ಛಾಯೆ ನೋಡಿ. ಮಸಿ ಬೆಳಕನ್ನು ನುಂಗುವುದರಿಂದ ಕಪ್ಪು. ಎಂಜಿನ್ ಪೂರ್ತಿ ಬಿಸಿಯಾಗಿ, ಬಿಸಿಲೇರಿದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ರೇಡಿಯೇಟರಿನ ನೀರು ದಿನದಿನಕ್ಕೆ ಇಳಿಯುತ್ತಿದ್ದರೆ ಆಗ ಹೆಡ್ ಗ್ಯಾಸ್ಕೆಟ್ ಹೋಗಿದೆಯೇ ಎಂದು ನೋಡಿಸಬೇಕು. ಆಗ ಸಿಲಿಂಡರಿಗೆ ನುಗ್ಗುತ್ತಿರುವುದು ಪೆಟ್ರೋಲಿನಿಂದ ಹುಟ್ಟಿದ ನೀರಲ್ಲ, ತಂಪು ಮಾಡಲು ಹಾಕಿದ ನೀರು. ಇಂಗ್ಲಿಷ್ ಕೈಪಿಡಿಗಳು ಇಂಥ ಹೊಗೆಗೆ ಸಿಹಿ ವಾಸನೆ ಇರುತ್ತದೆ ಎನ್ನುತ್ತವೆ. ಅದು ಕೂಲಂಟಿನಲ್ಲಿರುವ ಗ್ಲೈಕಾಲ್‌ನ ವಾಸನೆ. ನಲ್ಲಿ ನೀರನ್ನೇ ತುಂಬಿಕೊಂಡು ಓಡುವ ನಮ್ಮ ಹಳೆಯ ಗಾಡಿಗಳಲ್ಲಿ ಆ ಸಿಹಿಗಾಗಿ ಮೂಗು ಸವೆಸಿದರೆ ಪ್ರಯೋಜನವಿಲ್ಲ.

ಮುಖ್ಯ ವಿಷಯಕ್ಕೆ ಈಗ ಬರುತ್ತೇನೆ. ಜನ ಹೆದರುವುದು ಕಾಣುವ ಬಿಳಿ ಮೋಡಕ್ಕೆ. ಅದು ಹೊರಟುಹೋದ ನೀರು, ಕಾರಿಗೆ ಅದರಿಂದ ಕೂದಲೂ ಕೊಂಕುವುದಿಲ್ಲ. ಹೆದರಬೇಕಾದ್ದು ಹೊರಗೆ ಬಾರದೆ ಉಳಿದ ನೀರಿಗೆ.

ಚೋಕ್ ಹಾಕಿ ನಿಂತಲ್ಲೇ ಹತ್ತು ನಿಮಿಷ ಓಡಿದ ಎಂಜಿನ್ ಸುಮಾರಾಗಿ ಒಂದು ದೊಡ್ಡ ಲೋಟ ನೀರು ಹುಟ್ಟಿಸುತ್ತದೆ. ಅಷ್ಟರಲ್ಲೇ ಆಫ್ ಮಾಡಿದರೆ ಸೈಲೆನ್ಸರ್ ಡಬ್ಬಿ ಇನ್ನೂ ಒದ್ದೆ. ಆ ನೀರು ಬಾವಿಯ ನೀರಿನಂತೆ ತಟಸ್ಥವಲ್ಲ. ಕಾರ್ಬನ್ ಡೈಆಕ್ಸೈಡ್ ಕರಗಿ ಹುಳಿಯಾಗಿರುತ್ತದೆ, ಸಾರಜನಕದ ಆಕ್ಸೈಡುಗಳಿಂದ ನೈಟ್ರಿಕ್ ಆಮ್ಲ, ಪೆಟ್ರೋಲಿನ ಗಂಧಕದಿಂದ ಗಂಧಕಾಮ್ಲ ಸ್ವಲ್ಪಸ್ವಲ್ಪ ಸೇರಿರುತ್ತವೆ. ಹಳೆಯ ಕಾಲದಲ್ಲಿ ಇನ್ನೊಂದು ಕಾಟವಿತ್ತು. ಎಂಜಿನ್ ಬಡಿದುಕೊಳ್ಳದಿರಲಿ ಎಂದು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಸೀಸ ಸಿಲಿಂಡರಿನಲ್ಲಿ ಗಟ್ಟಿಕಟ್ಟದೆ ಹೊರಗೆ ಹೋಗಲಿ ಎಂದು ಅದರ ಜೊತೆ ಬ್ರೋಮಿನ್, ಕ್ಲೋರಿನ್ ಇರುವ ವಸ್ತುಗಳನ್ನೂ ಸೇರಿಸುತ್ತಿದ್ದರು. ಅವು ಸೀಸವನ್ನು ಎಳೆದುಕೊಂಡು ಹೋಗುವಾಗ ಸೈಲೆನ್ಸರಿನ ನೀರಿಗೆ ಇನ್ನಷ್ಟು ಖಾರ ಬೆರೆಸುತ್ತಿದ್ದವು. ಭಾರತದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. ಗಂಧಕದ ಮಿತಿಯೂ ಬಿಎಸ್-4ರಲ್ಲಿ ಹತ್ತು ಲಕ್ಷಕ್ಕೆ 50 ಪಾಲು ಇದ್ದದ್ದು 2020ರ ಏಪ್ರಿಲ್‌ನಿಂದ ಬಿಎಸ್-6ರಲ್ಲಿ 10ಕ್ಕೆ ಇಳಿಯಿತು. ಹೊಸ ಕಾರುಗಳಿಗಾಗಿ ಬಂದ ಈ ಶುದ್ಧ ಇಂಧನದಿಂದ ಅಜ್ಜನ ಕಾಲದ ಕಾರಿನ ಸೈಲೆನ್ಸರಿಗೂ ಅನಾಯಾಸವಾಗಿ ಆಯುಷ್ಯ ಕೂಡಿಬಂತು.

ಆದರೂ ಸಾದಾ ಉಕ್ಕು, ನೀರು, ಗಾಳಿ ಮೂರೂ ಒಟ್ಟಿಗಿದ್ದರೆ ತುಕ್ಕು ತಪ್ಪಿದ್ದಲ್ಲ. ಹಳೆಯ ಸೈಲೆನ್ಸರ್ ಹೊರಗೆ ಬಣ್ಣ ಮಾಸದೆ ನಳನಳಿಸುತ್ತಿರುವಾಗಲೇ ಒಳಗಿನಿಂದ ತೂತಾಗಿ ಒಂದು ದಿನ ಇದ್ದಕ್ಕಿದ್ದಂತೆ ಲಾರಿಯ ಹಾಗೆ ಗರ್ಜಿಸಲು ತೊಡಗುತ್ತದೆ. ಕೆಲವು ತಯಾರಕರು ಡಬ್ಬಿಯ ತಳದಲ್ಲಿ ನೀರು ಬಸಿಯಲೆಂದೇ ಸೂಜಿಗಣ್ಣಿನಷ್ಟು ರಂಧ್ರ ಬಿಟ್ಟಿರುತ್ತಾರೆ. ‘ಸೋರುತ್ತಿದೆ’ ಎಂದು ಅದಕ್ಕೆ ವೆಲ್ಡಿಂಗ್ ಮಾಡಿಸುವವರನ್ನು ಏನೆನ್ನೋಣ!

ಎರಡನೆಯ ಅಡಗುತಾಣ ಎಂಜಿನ್ನಿನ ಹೊಟ್ಟೆಯೇ. ಉರಿದ ಅನಿಲದಲ್ಲಿ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಆಯಿಲ್ ಸಂಪಿಗೆ ಸೇರುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಸಂದಿ ಹೆಚ್ಚು, ಸೋರಿಕೆಯೂ ಹೆಚ್ಚು. ಅದರಲ್ಲಿನ ಆವಿ ಅಲ್ಲೂ ಹನಿಯಾಗುತ್ತದೆ. ಚೋಕ್ ಸುರಿದ ಹೆಚ್ಚುವರಿ ಪೆಟ್ರೋಲ್ ಕೂಡ ಸಿಲಿಂಡರಿನ ಗೋಡೆಯ ಆಯಿಲ್ ತೊಳೆದುಕೊಂಡು ಅಲ್ಲಿಗೇ ಇಳಿಯುತ್ತದೆ. ನೀರು ಆಯಿಲ್ ಎರಡೂ ಒಳಗಿನ ಓಟದಲ್ಲಿ ಕಡೆದುಕೊಂಡು, ಆಯಿಲ್ ಹಾಕುವ ಮುಚ್ಚಳದಡಿಯಲ್ಲಿ ಆಗತಾನೆ ತೆಗೆದ ಬೆಣ್ಣೆಯಂಥ ಮುದ್ದೆ ಕಟ್ಟುತ್ತದೆ. ಮುಚ್ಚಳ ತೆಗೆದು ಇದನ್ನು ಕಂಡವರು ಗ್ಯಾಸ್ಕೆಟ್ ಹೋಯಿತೆಂದೇ ತಿಳಿಯುತ್ತಾರೆ. ಚಳಿ ಊರಿನ, ಕಡಿಮೆ ಓಡುವ ಕಾರಾಗಿದ್ದರೆ ಎಷ್ಟೋ ಸಲ ಅದು ಬರೀ ಓಡದ ರೋಗ.

ಇದಕ್ಕೆ ಮದ್ದು ಶಾಖ, ಅದೂ ಸಾಕಷ್ಟು ಹೊತ್ತಿನ ಶಾಖ. ಡ್ಯಾಶ್‌ಬೋರ್ಡಿನ ಮುಳ್ಳು ರೇಡಿಯೇಟರಿನ ನೀರು ಬಿಸಿಯಾದದ್ದನ್ನು ಮಾತ್ರ ಹೇಳುತ್ತದೆ. ಆಯಿಲ್ ಬಿಸಿಯಾಗುವುದು ಅದಕ್ಕಿಂತ ಬಹಳ ನಿಧಾನ, ಹಿಂದಿನ ಸೈಲೆನ್ಸರ್ ಡಬ್ಬಿಯೂ ನಿಂತಲ್ಲೇ ಓಡಿಸಿದರೆ ತೀರಾ ನಿಧಾನ. ರಸ್ತೆಯಲ್ಲಿ, ಸ್ವಲ್ಪ ಏರು ಇರುವ ದಾರಿಯಲ್ಲಿ, ಅರ್ಧ ಗಂಟೆಯಾದರೂ ಓಡಿದರೆ ಹುಟ್ಟಿದ ನೀರು, ಇಳಿದ ಪೆಟ್ರೋಲ್ ಎರಡೂ ಎದ್ದು ಹೋಗುತ್ತವೆ. ಹಾಗಾದರೆ ವಾರಕ್ಕೊಮ್ಮೆ ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ‘ಗಾಡಿ ಸುಸ್ಥಿತಿಯಲ್ಲಿದೆ’ ಎಂದು ಆಫ್ ಮಾಡುವುದು? ನನ್ನ ಪ್ರಕಾರ ಹಳೆಯ ಕಾರಿಗೆ ಪ್ರೀತಿಯಿಂದ ಮಾಡುವ ಕೆಡುಕುಗಳಲ್ಲಿ ಇದೇ ಮೊದಲನೆಯದು. ಪ್ರತಿ ಸಲವೂ ಒಳಗೆ ನೀರು ತುಂಬಿಸಿ, ಒಣಗುವ ಮೊದಲೇ ಮುಚ್ಚಿದಂತಾಯಿತು. ಒಂದು ತಿಂಗಳು ಮುಟ್ಟದೆ ಬಿಟ್ಟರೆ ಆಗುವ ನಷ್ಟ ಅದಕ್ಕಿಂತ ಕಡಿಮೆ.

ಶೆಡ್ಡಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಚೋಕ್ ಎಳೆದಾಗ ಪೆಟ್ರೋಲಿಗೆ ಸಾಕಷ್ಟು ಗಾಳಿ ಸಿಗದೆ ಇಂಗಾಲ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹೇರಳವಾಗಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಸುಟ್ಟು ಮುಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಳೆಯ ಕಾರಿನಲ್ಲಿಲ್ಲ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಬಿಳಿ ಮೋಡ ಕಾಣದ ಬೇಸಿಗೆಯ ದಿನವೂ ಅದು ಕೊಲ್ಲಬಲ್ಲದು. ಕಾರು ಹೊರಗೆ ತಂದ ಮೇಲೇ ಬಿಸಿ ಮಾಡಿ.

ಇಂದಿನ ಕಾರುಗಳು ಈ ನೀರಿನ ಲೆಕ್ಕವನ್ನು ತಾವೇ ಇಟ್ಟುಕೊಳ್ಳುತ್ತವೆ. ಸೈಲೆನ್ಸರ್ ಪೈಪಿನಲ್ಲಿ ಆಮ್ಲಜನಕ ಅಳೆಯುವ ಪಿಂಗಾಣಿಯ ಸಂವೇದಕವೊಂದಿರುತ್ತದೆ. ಕಾದು ಕೆಂಪಾದ ಪಿಂಗಾಣಿಗೆ ತಣ್ಣನೆಯ ಹನಿ ಬಿದ್ದರೆ ಸೀಳುತ್ತದೆ. ಆದ್ದರಿಂದ ಪೈಪು ಇಬ್ಬನಿ ಬಿಂದು ದಾಟಿ ಒಣಗಿದೆ ಎಂದು ಕಂಪ್ಯೂಟರ್ ಅಂದಾಜಿಸುವವರೆಗೆ ಸಂವೇದಕವನ್ನು ಪೂರ್ತಿ ಕಾಯಿಸುವುದೇ ಇಲ್ಲ. ಅಂಬಾಸಿಡರಿನ ಒಡೆಯ ಈ ಕೆಲಸವನ್ನು ಪೈಪಿನ ಬಾಯಿ ನೋಡಿ ತಾನೇ ಮಾಡಿಕೊಳ್ಳಬೇಕು.

ಕಾರಿನವರು ಬೇಡವೆನ್ನುವ ಈ ನೀರನ್ನು ಹುಡುಕಿ ಹಿಡಿದವರೂ ಇದ್ದಾರೆ. ಅಮೆರಿಕದ ನೌಕಾಪಡೆ 1920, 30ರ ದಶಕಗಳಲ್ಲಿ ಹೀಲಿಯಂ ತುಂಬಿದ ಬೃಹತ್ ವಾಯುನೌಕೆಗಳನ್ನು ಹಾರಿಸುತ್ತಿತ್ತು. ದಾರಿಯುದ್ದಕ್ಕೂ ಇಂಧನ ಉರಿದಂತೆ ನೌಕೆ ಹಗುರಾಗಿ ಮೇಲಕ್ಕೇರತೊಡಗುತ್ತದೆ. ಕೆಳಗಿಳಿಯಬೇಕಾದರೆ ಅನಿಲ ಹೊರಗೆ ಬಿಡಬೇಕು. ಜಲಜನಕವಾದರೆ ಅಗ್ಗ, ಬಿಡಬಹುದು, ಹೀಲಿಯಂ ದುಬಾರಿ. ಎಂಜಿನಿಯರುಗಳು ಎಂಜಿನ್ನಿನ ಹೊಗೆಯನ್ನು ತಂಪು ಕೊಳವೆಗಳಲ್ಲಿ ಹಾಯಿಸಿ ನೀರು ಹಿಡಿದು ತೊಟ್ಟಿಗೆ ತುಂಬಿಕೊಂಡರು. ಉರಿದ ಇಂಧನಕ್ಕಿಂತ ಹುಟ್ಟಿದ ನೀರು ಭಾರವೆಂಬ ಲೆಕ್ಕ ಇಲ್ಲಿ ಕೈಹಿಡಿಯಿತು: ಹೊಗೆಯಿಂದ ಸ್ವಲ್ಪ ನೀರು ತಪ್ಪಿಸಿಕೊಂಡರೂ ಕಳೆದುಕೊಂಡ ತೂಕವನ್ನು ತುಂಬಿಕೊಳ್ಳಬಹುದಿತ್ತು. 1931ರ ‘ಆಕ್ರನ್’ ನೌಕೆಯ ಚಿತ್ರಗಳಲ್ಲಿ ಪ್ರತಿ ಎಂಜಿನ್ನಿನ ಮೇಲೆ ಕಪ್ಪು ಪಟ್ಟೆ ಕಾಣುತ್ತದೆ, ಅವೇ ಆ ನೀರು ಹಿಡಿಯುವ ಸಾಧನಗಳು. ಜರ್ಮನಿಯ ‘ಗ್ರಾಫ್ ಜೆಪೆಲಿನ್’ನವರು ಇನ್ನೂ ಜಾಣರು. ಗಾಳಿಯಷ್ಟೇ ತೂಗುವ ಇಂಧನ ಅನಿಲವನ್ನು ಬಳಸಿ, ಉರಿದಷ್ಟೂ ಆ ಜಾಗಕ್ಕೆ ಗಾಳಿ ಬರುವಂತೆ ಮಾಡಿ ಸಮಸ್ಯೆಯನ್ನೇ ಇಲ್ಲವಾಗಿಸಿದರು.

ಇಷ್ಟೆಲ್ಲ ನೀರು ವಾತಾವರಣಕ್ಕೆ ಸೇರಿದರೆ ಭೂಮಿ ಇನ್ನಷ್ಟು ಬಿಸಿಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನೀರಾವಿ ಪ್ರಬಲ ಹಸಿರುಮನೆ ಅನಿಲ, ಸಂಶಯವಿಲ್ಲ. ಜಗತ್ತು ವರ್ಷಕ್ಕೆ ಬಳಸುವ ಕಚ್ಚಾತೈಲ ಸುಮಾರು 450 ಕೋಟಿ ಟನ್. ಅದೆಲ್ಲ ಉರಿದರೆ ಐದು ಘನ ಕಿಲೋಮೀಟರಿಗಿಂತ ತುಸು ಹೆಚ್ಚು ನೀರು. ನಮ್ಮ ಅಳತೆಯಲ್ಲಿ, ತುಂಬಿದ ನಾಲ್ಕು ಕೆಆರ್‌ಎಸ್ ಅಣೆಕಟ್ಟೆಗಳು. ಕೇಳಲು ದೊಡ್ಡದು. ಆದರೆ ಭೂಮಿಯ ಮೇಲೆ ವರ್ಷಕ್ಕೆ ಸುರಿಯುವ ಮಳೆ, ಹಿಮ ಎಲ್ಲ ಸೇರಿ ಐದು ಲಕ್ಷ ಘನ ಕಿಲೋಮೀಟರ್. ನಮ್ಮದು ಅದರಲ್ಲಿ ಲಕ್ಷಕ್ಕೆ ಒಂದು ಪಾಲು, ಅದೂ ಹತ್ತು ದಿನಗಳ ಆಸುಪಾಸಿನಲ್ಲಿ ಮಳೆಯಾಗಿ ಇಳಿದುಬಿಡುತ್ತದೆ. ಅದೇ ಪೈಪಿನಿಂದ ಹೊರಬಂದ ಕಾರ್ಬನ್ ಡೈಆಕ್ಸೈಡ್ ಹಾಗೆ ಇಳಿಯುವುದಿಲ್ಲ. ಅದರಲ್ಲಿ ಒಂದಷ್ಟು ಪಾಲು ಸಾವಿರಾರು ವರ್ಷ ಮೇಲೆಯೇ ಇರುತ್ತದೆ.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ, ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಈಗ ಎಲ್ಲ ಕಡೆ ಬಂದಿದೆ. ಹಳೆಯ ಕಾರಿನವರ ಚಿಂತೆ ಹೆಚ್ಚಾಗಿ ರಬ್ಬರ್ ಪೈಪುಗಳದು, ವಾಷರುಗಳದು. ಸೈಲೆನ್ಸರಿನ ನೀರಿನ ಮಟ್ಟಿಗೆ ವ್ಯತ್ಯಾಸ ಸಣ್ಣದು. ಒಂದು ಲೀಟರ್ ಎಥನಾಲ್ ಉರಿದರೂ ಪೆಟ್ರೋಲಿನಷ್ಟೇ, ಸುಮಾರು 900 ಮಿಲಿಲೀಟರ್ ನೀರು. ಆದರೆ ಎಥನಾಲ್ ಕೊಡುವ ಶಕ್ತಿ ಕಡಿಮೆಯಾದ್ದರಿಂದ ಅದೇ ದೂರಕ್ಕೆ ಹೆಚ್ಚು ಸುಡಬೇಕು, ಹೊಗೆ ತುಸು ಹೆಚ್ಚು ತೇವ.

ಉಳಿದದ್ದು ಕಾನೂನಿನ ತೊಡಕು. 2021ರ ಕೇಂದ್ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಿಕೊಂಡರೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಅಂದರೆ ಯಾವ ಕಾರು ಆಗಾಗ ದೂರ ಓಡಿ ಒಣಗಬೇಕೋ ಅದನ್ನೇ ಶೆಡ್ಡಿನಲ್ಲಿ ಕೂರಿಸಿದಂತಾಯಿತು. ಪುಣ್ಯಕ್ಕೆ ಅದೇ ನಿಯಮ ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ ಮತ್ತು ಪೆಟ್ರೋಲ್ ಹಾಕಿಸಲು ಹೊರಗೆ ಒಯ್ಯಬಹುದು ಎನ್ನುತ್ತದೆ. ಬಂಕ್ ಎಷ್ಟು ದೂರ ಇರಬೇಕೆಂದು ನಾನು ಕಂಡಂತೆ ಎಲ್ಲೂ ಹೇಳಿಲ್ಲ. ಮಡಿಕೇರಿಯವರು ಕುಶಾಲನಗರದ ಪೆಟ್ರೋಲೇ ಚೆನ್ನಾಗಿದೆ ಎಂದರೆ ಯಾರೂ ಆಕ್ಷೇಪಿಸಲಾರರು.